ಕೋನ ರಚನೆ

ಕೋನ ರಚನೆ ಎಂದರೆ ಗೊತ್ತುಪಡಿಸಿದ ಅಳತೆಯ ಕೋನವನ್ನು ಕೈವಾರ, ಅಳತೆಪಟ್ಟಿ, ಕೋನಮಾಪಕ, ಮೂಲೆಮಟ್ಟ ಮೊದಲಾದ ಸರಳ ಸಾಧನಗಳಿಂದ ಬಿಡಿಸುವ ರೇಖಾಗಣಿತದ ಕ್ರಿಯೆ. ಒಂದೇ ಬಿಂದುವಿನಿಂದ ಹೊರಡುವ ಎರಡು ಕಿರಣಗಳು ಕೋನವೊಂದನ್ನು ಉಂಟುಮಾಡುತ್ತವೆ. ಆ ಬಿಂದುವನ್ನು ಶೃಂಗವೆಂದೂ ಕಿರಣಗಳನ್ನು ಬಾಹುಗಳೆಂದೂ ಕರೆಯುತ್ತಾರೆ. ಒಂದು ಪೂರ್ಣ ಸುತ್ತಿನ 360ನೆಯ ಒಂದು ಭಾಗವೇ ಒಂದು ಡಿಗ್ರಿ. ಬಾಹುಗಳನ್ನು ಎಷ್ಟು ಉದ್ದಕ್ಕೆ ಎಳೆದರೂ ಕೋನದ ಅಳತೆ ಬದಲಾಗುವುದಿಲ್ಲ. ಆದರೆ ಕೋನದಲ್ಲಿ ಆಗಿರುವ ತಪ್ಪು ಬಾಹು ಉದ್ದವಾದಂತೆಲ್ಲ ಎದ್ದು ಕಾಣುತ್ತದೆ. 10 ಸೆಂ.ಮೀ. ಬಾಹುವಿನ ತುದಿಯಲ್ಲಿ ಒಂದು ಡಿಗ್ರಿಯ ತಪ್ಪು ಸುಮಾರು 1.75 ಮಿ.ಮೀ. ಅಂತರವಾದರೆ, 30 ಅಡಿ ಉದ್ದದ ಗೋಡೆಯ ತುದಿಯಲ್ಲಿ ಅದೇ ತಪ್ಪು ಆರು ಅಂಗುಲವನ್ನು ಮೀರುತ್ತದೆ.

ಕೋನ ರಚನೆಯಲ್ಲಿ ‘ನಿಖರ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಮೊದಲನೆಯದು ವಿಧಾನದ ನಿಖರತೆ: ರೇಖೆಗೆ ದಪ್ಪವಿಲ್ಲ, ಬಿಂದುವಿಗೆ ಗಾತ್ರವಿಲ್ಲ ಎಂದು ಭಾವಿಸಿದಾಗ ವಿಧಾನವು ಬೇಕಾದ ಕೋನವನ್ನೇ ಕೊಡುವುದೆಂದು ಸಾಧಿಸಲು ಬರಬೇಕು. ಎರಡನೆಯದು ಚಿತ್ರದ ನಿಖರತೆ: ಕಾಗದದ ಮೇಲೆ ಮೂಡಿದ ಗೆರೆಗಳು ಆ ಕೋನಕ್ಕೆ ಎಷ್ಟು ಹತ್ತಿರವಾಗಿವೆ ಎಂಬುದು. ಇವೆರಡೂ ಯಾವಾಗಲೂ ಜೊತೆಯಾಗಿ ಬರುವುದಿಲ್ಲ. ಕೈವಾರದಿಂದ 60° ರಚಿಸುವ ವಿಧಾನದಲ್ಲಿ ಯಾವ ಲೋಪವೂ ಇಲ್ಲ; ಆದರೂ ಕೈವಾರದ ಕೀಲು ಸಡಿಲವಿದ್ದರೆ ಚಿತ್ರದಲ್ಲಿ 59° ಮೂಡಬಹುದು. 20° ಕೋನವನ್ನು ಕೈವಾರ ಮತ್ತು ಗುರುತಿಲ್ಲದ ಪಟ್ಟಿಯಿಂದ ರಚಿಸುವುದು ಅಸಾಧ್ಯವೆಂದು ಸಾಧಿಸಲಾಗಿದೆ; ಆದರೂ ಸಾಮಾನ್ಯ ಕೋನಮಾಪಕವು ಅದನ್ನು ಅರ್ಧ ಡಿಗ್ರಿಯ ಆಚೀಚೆಗೆ ಸುಲಭವಾಗಿ ಬಿಡಿಸಿಕೊಡುತ್ತದೆ. ವಿದ್ಯಾರ್ಥಿಗಳಲ್ಲಿ ಉಂಟಾಗುವ ಗೊಂದಲಗಳಲ್ಲಿ ಹೆಚ್ಚಿನವು ಈ ಎರಡು ಅರ್ಥಗಳನ್ನು ಬೆರೆಸುವುದರಿಂದ ಬಂದವು.

ಸಾಧನಗಳು ಮತ್ತು ಅವುಗಳ ಪರೀಕ್ಷೆ

ಶಾಸ್ತ್ರೀಯ ರೇಖಾಗಣಿತವು ಒಪ್ಪುವುದು ಎರಡೇ ಸಾಧನಗಳನ್ನು: ಕೈವಾರ ಮತ್ತು ಅಳತೆಯ ಗುರುತುಗಳಿಲ್ಲದ ನೇರಪಟ್ಟಿ. ಕ್ರಿ.ಪೂ. 300ರ ಸುಮಾರಿನಲ್ಲಿ ಯೂಕ್ಲಿಡ್ ರಚಿಸಿದ ‘ಎಲಿಮೆಂಟ್ಸ್’ ಗ್ರಂಥದ ರಚನೆಗಳೆಲ್ಲವೂ ಈ ಕಟ್ಟಿಗೆ ಒಳಪಟ್ಟಿವೆ. ಪಟ್ಟಿಯಿಂದ ಎರಡು ಬಿಂದುಗಳನ್ನು ಸೇರಿಸಬಹುದು, ರೇಖೆಯನ್ನು ಬೆಳೆಸಬಹುದು. ಕೈವಾರದಿಂದ ವೃತ್ತ ಅಥವಾ ಕಂಸವನ್ನು ಎಳೆಯಬಹುದು. ಇಷ್ಟನ್ನು ಬಿಟ್ಟು ಬೇರೇನಕ್ಕೂ ಅವಕಾಶವಿಲ್ಲ. ಶಾಲೆಯ ಕಂಪಾಸ್ ಪೆಟ್ಟಿಗೆಯಲ್ಲಿ ಇವುಗಳ ಜೊತೆಗೆ ಅರ್ಧವೃತ್ತಾಕಾರದ ಕೋನಮಾಪಕ ಮತ್ತು ಎರಡು ಮೂಲೆಮಟ್ಟಗಳು ಇರುತ್ತವೆ. ಮೂಲೆಮಟ್ಟಗಳಲ್ಲಿ ಒಂದರ ಕೋನಗಳು 30°, 60°, 90°. ಇನ್ನೊಂದರವು 45°, 45°, 90°.

ಸಾಧನವನ್ನು ನಂಬುವ ಮೊದಲು ಅದನ್ನು ಪರೀಕ್ಷಿಸಬೇಕು. ಇದಕ್ಕೆ ಬೇರೆ ಉಪಕರಣ ಬೇಡ. ಸಾಧನವನ್ನು ತಿರುಗಿಸಿ ಅದರೊಂದಿಗೇ ಹೋಲಿಸಿದರೆ ಸಾಕು. ಪಟ್ಟಿಯ ಅಂಚು ನೇರವಾಗಿದೆಯೇ ಎಂದು ತಿಳಿಯಲು ಎರಡು ಬಿಂದುಗಳನ್ನು ಸೇರಿಸುವ ಗೆರೆಯನ್ನು ಎಳೆದು, ಪಟ್ಟಿಯ ತುದಿಗಳನ್ನು ಅದಲು ಬದಲಾಗಿಸಿ ಅದೇ ಅಂಚಿನಿಂದ, ಗೆರೆಯ ಇನ್ನೊಂದು ಬದಿಯಿಂದ, ಮತ್ತೆ ಗೆರೆ ಎಳೆಯಬೇಕು. ಎರಡು ಗೆರೆಗಳ ನಡುವೆ ಸಂದು ಕಂಡರೆ ಅಂಚು ಬಾಗಿದೆ. ಮೂಲೆಮಟ್ಟದ ಲಂಬಕೋನವನ್ನು ಪರೀಕ್ಷಿಸಲು ಅದನ್ನು ಪಟ್ಟಿಗೆ ಒತ್ತಿಟ್ಟು ಲಂಬವನ್ನು ಎಳೆದು, ಬಳಿಕ ಮೂಲೆಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಮತ್ತೊಂದು ಲಂಬವನ್ನು ಎಳೆಯುತ್ತಾರೆ. ಎರಡು ಲಂಬಗಳು ಒಂದಾಗದಿದ್ದರೆ ಅವುಗಳ ನಡುವಿನ ಕೋನವು ಮೂಲೆಮಟ್ಟದ ದೋಷದ ಎರಡರಷ್ಟಿರುತ್ತದೆ. ದೋಷವನ್ನು ಇಮ್ಮಡಿಗೊಳಿಸಿ ತೋರಿಸುವುದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಓರೆಯೂ ಇಲ್ಲಿ ಸಿಕ್ಕಿಬೀಳುತ್ತದೆ.

ಕೈವಾರದ ಪರೀಕ್ಷೆ ಇನ್ನೂ ಚೆಲುವಾದುದು. ವೃತ್ತವೊಂದನ್ನು ಎಳೆದು, ಕೈವಾರದ ಅಗಲವನ್ನು ಬದಲಿಸದೆ, ಪರಿಧಿಯ ಮೇಲಿನ ಒಂದು ಬಿಂದುವಿನಿಂದ ಆರಂಭಿಸಿ ಒಂದರ ನಂತರ ಒಂದರಂತೆ ಆರು ಕಂಸಗಳಿಂದ ಪರಿಧಿಯನ್ನು ಕತ್ತರಿಸುತ್ತ ಹೋದರೆ, ಆರನೆಯ ಕಂಸವು ಆರಂಭದ ಬಿಂದುವಿಗೇ ಬಂದು ಸೇರಬೇಕು. ಸೇರದಿದ್ದರೆ ಕೈವಾರದ ಕೀಲು ಸಡಿಲವಾಗಿದೆ, ಇಲ್ಲವೇ ಪೆನ್ಸಿಲ್ ತನ್ನ ಹಿಡಿಯಲ್ಲಿ ಅಲುಗುತ್ತಿದೆ. 5 ಸೆಂ.ಮೀ. ತ್ರಿಜ್ಯದ ವೃತ್ತದಲ್ಲಿ ಕೊನೆಗೆ 3 ಮಿ.ಮೀ. ವ್ಯತ್ಯಾಸ ಬಂದರೆ ಪ್ರತಿ ಹೆಜ್ಜೆಯಲ್ಲೂ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ತಪ್ಪಿದೆ ಎಂದರ್ಥ.

ಮೂಲ ರಚನೆಗಳು

60° ಕೋನವು ಕೈವಾರದ ಸಹಜ ಕೋನ. ಅಬ ಎಂಬ ರೇಖೆಯನ್ನು ಎಳೆದು, ಅ ಬಿಂದುವನ್ನು ಕೇಂದ್ರವಾಗಿಟ್ಟುಕೊಂಡು ಯಾವುದಾದರೂ ತ್ರಿಜ್ಯದ ಕಂಸವನ್ನು ಎಳೆಯಬೇಕು. ಅದು ರೇಖೆಯನ್ನು ಕ ಬಿಂದುವಿನಲ್ಲಿ ಕತ್ತರಿಸಲಿ. ಅದೇ ತ್ರಿಜ್ಯವನ್ನು ಉಳಿಸಿಕೊಂಡು ಕ ಕೇಂದ್ರದಿಂದ ಮತ್ತೊಂದು ಕಂಸವನ್ನು ಎಳೆದು, ಎರಡೂ ಕಂಸಗಳು ಸೇರುವ ಬಿಂದುವನ್ನು ಚ ಎಂದು ಗುರುತಿಸಬೇಕು. ಅಚ ರೇಖೆಯು ಅಬ ರೇಖೆಯೊಡನೆ 60° ಕೋನವನ್ನು ಉಂಟುಮಾಡುತ್ತದೆ. ಅಕ, ಕಚ, ಅಚ ಮೂರೂ ಒಂದೇ ತ್ರಿಜ್ಯಕ್ಕೆ ಸಮವಾದ್ದರಿಂದ ಅಕಚ ಸಮಬಾಹು ತ್ರಿಭುಜ. ತ್ರಿಭುಜದ ಮೂರು ಕೋನಗಳ ಮೊತ್ತ 180° ಆಗಿರುವುದರಿಂದ ಪ್ರತಿಯೊಂದು ಕೋನವೂ 60°. ‘ಎಲಿಮೆಂಟ್ಸ್’ನ ಮೊದಲ ಪುಸ್ತಕದ ಮೊದಲ ಪ್ರಮೇಯವೇ ಈ ಸಮಬಾಹು ತ್ರಿಭುಜದ ರಚನೆ. ಎರಡು ಕಂಸಗಳ ನಡುವೆ ತ್ರಿಜ್ಯವನ್ನು ಬದಲಿಸುವುದು ವಿದ್ಯಾರ್ಥಿಗಳು ಇಲ್ಲಿ ಮಾಡುವ ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ತ್ರಿಭುಜವು ಸಮದ್ವಿಬಾಹುವಾಗಿ ಮಾತ್ರ ಉಳಿಯುತ್ತದೆ. ಚ ಬಿಂದುವಿನಿಂದ ಅದೇ ತ್ರಿಜ್ಯದ ಇನ್ನೊಂದು ಕಂಸದಿಂದ ಮೊದಲ ಕಂಸವನ್ನು ಮುಂದೆ ಕತ್ತರಿಸಿದರೆ 120° ದೊರೆಯುತ್ತದೆ.

ಕೋನವನ್ನು ಅರ್ಧಿಸಲು ಶೃಂಗದಿಂದ ಒಂದು ಕಂಸವನ್ನು ಎಳೆದು ಎರಡೂ ಬಾಹುಗಳನ್ನು ಕತ್ತರಿಸಬೇಕು. ಆ ಎರಡು ಬಿಂದುಗಳಿಂದ ಪರಸ್ಪರ ಸಮನಾದ ತ್ರಿಜ್ಯಗಳ ಕಂಸಗಳನ್ನು ಎಳೆದು, ಅವು ಸೇರುವ ಬಿಂದುವನ್ನು ಶೃಂಗಕ್ಕೆ ಸೇರಿಸಿದರೆ ಕೋನಾರ್ಧಕ ರೇಖೆ ಸಿಗುತ್ತದೆ. ಅದರ ಎರಡೂ ಬದಿಯಲ್ಲಿ ಉಂಟಾಗುವ ತ್ರಿಭುಜಗಳ ಮೂರು ಬಾಹುಗಳೂ ಕ್ರಮವಾಗಿ ಸಮವಾಗಿರುವುದರಿಂದ ಅವು ಸರ್ವಸಮ. ಆದ್ದರಿಂದ ಕೋನಗಳೂ ಸಮ. ಎರಡನೆಯ ಬಾರಿ ತೆಗೆದುಕೊಳ್ಳುವ ತ್ರಿಜ್ಯವು ಮೊದಲಿನದೇ ಆಗಬೇಕೆಂಬ ನಿಯಮವಿಲ್ಲ.

ಲಂಬಕೋನವೆಂದರೆ 180° ಸರಳಕೋನದ ಅರ್ಧ. ರೇಖೆಯ ನಡುವಿನ ಬಿಂದುವಿನಲ್ಲಿ ಲಂಬ ಬೇಕಾದರೆ, ಆ ಬಿಂದುವಿನಿಂದ ಎರಡೂ ಬದಿಗೆ ಸಮದೂರದಲ್ಲಿ ಗುರುತು ಮಾಡಿ ಕೋನಾರ್ಧಕದ ಕ್ರಮವನ್ನೇ ಅನುಸರಿಸಬಹುದು. ಆದರೆ ಕಾಗದದ ಅಂಚಿನಲ್ಲಿ ರೇಖೆ ಮುಗಿದು, ಅದನ್ನು ಬೆಳೆಸಲು ಜಾಗವಿಲ್ಲದಿದ್ದಾಗ ಈ ಕ್ರಮ ನಡೆಯದು. ಅಂಥಲ್ಲಿ ಅರ್ಧವೃತ್ತದ ಗುಣವನ್ನು ಬಳಸುತ್ತಾರೆ. ರೇಖೆಯ ತುದಿ ಅ ಎಂದಿರಲಿ. ರೇಖೆಯ ಹೊರಗೆ ಎಲ್ಲಿಯಾದರೂ ಮ ಎಂಬ ಬಿಂದುವನ್ನು ಆರಿಸಿ, ಮ ಕೇಂದ್ರದಿಂದ ಅ ಮೂಲಕ ಹಾಯುವ ವೃತ್ತವನ್ನು ಎಳೆಯಬೇಕು. ಅದು ರೇಖೆಯನ್ನು ಮತ್ತೊಮ್ಮೆ ಕತ್ತರಿಸುವ ಬಿಂದು ಕ ಆಗಿದ್ದರೆ, ಕಮ ರೇಖೆಯನ್ನು ವೃತ್ತದ ಆಚೆಯ ಬದಿಯವರೆಗೆ ಬೆಳೆಸಿ ಚ ಬಿಂದುವನ್ನು ಪಡೆಯಬೇಕು. ಈಗ ಕಚ ವ್ಯಾಸ; ಅರ್ಧವೃತ್ತದಲ್ಲಿನ ಕೋನವು ಲಂಬಕೋನವಾದ್ದರಿಂದ ಕಅಚ 90°. ಥೇಲ್ಸ್‌ನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಈ ಪ್ರಮೇಯವು ‘ಎಲಿಮೆಂಟ್ಸ್’ನ ಮೂರನೆಯ ಪುಸ್ತಕದಲ್ಲಿ 31ನೆಯದಾಗಿ ಬರುತ್ತದೆ. ಶಾಲಾ ಪಾಠಗಳಲ್ಲಿ ಇದನ್ನು ರಚನಾ ವಿಧಾನವಾಗಿ ಅಷ್ಟಾಗಿ ಬಳಸುವುದಿಲ್ಲವಾದರೂ, ಕೈವಾರವನ್ನು ಒಮ್ಮೆ ಮಾತ್ರ ತೆರೆಯಬೇಕಾದ್ದರಿಂದ ಇದರಲ್ಲಿ ತಪ್ಪಿಗೆ ಆಸ್ಪದ ಕಡಿಮೆ.

ಕೊಟ್ಟಿರುವ ಕೋನವನ್ನು ಬೇರೆಡೆಗೆ ನಕಲು ಮಾಡುವುದು ನಾಲ್ಕನೆಯ ಮೂಲ ರಚನೆ. ಮೂಲ ಕೋನದ ಶೃಂಗದಿಂದ ಎಳೆದ ಕಂಸವು ಬಾಹುಗಳನ್ನು ಕತ್ತರಿಸುವ ಬಿಂದುಗಳ ನಡುವಿನ ಅಂತರವನ್ನು ಕೈವಾರದಲ್ಲಿ ಹಿಡಿದು, ಹೊಸ ರೇಖೆಯಲ್ಲಿ ಅದೇ ತ್ರಿಜ್ಯದ ಕಂಸದ ಮೇಲೆ ಆ ಅಂತರವನ್ನು ಗುರುತಿಸಿದರೆ ಸಾಕು. ಕೋನದ ಅಳತೆ ಎಷ್ಟು ಡಿಗ್ರಿ ಎಂದು ತಿಳಿಯದೆಯೇ ಅದನ್ನು ನಕಲು ಮಾಡಬಹುದೆಂಬುದು ಇದರ ವೈಶಿಷ್ಟ್ಯ.

ಚಿತ್ರದಲ್ಲಿ ದೋಷ ಬರುವ ಬಗೆ

ಪೆನ್ಸಿಲಿನ ಗೆರೆಗೆ ದಪ್ಪವಿದೆ. ಅರ್ಧ ಮಿ.ಮೀ. ದಪ್ಪದ ಗೆರೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಶೃಂಗದಿಂದ 5 ಸೆಂ.ಮೀ. ದೂರದಲ್ಲಿ, ಸುಮಾರು 0.6° ವ್ಯತ್ಯಾಸವಾಗುತ್ತದೆ. 2 ಸೆಂ.ಮೀ. ದೂರದಲ್ಲಿ ಅದೇ ದಪ್ಪವು ಸುಮಾರು 1.4° ಆಗುತ್ತದೆ. ಪುಟದಲ್ಲಿ ಜಾಗವಿರುವಷ್ಟು ದೊಡ್ಡ ತ್ರಿಜ್ಯವನ್ನು ಬಳಸಬೇಕೆಂಬ ಸಲಹೆಗೆ ಕಾರಣ ಇದೇ. ಮೊನಚಾದ ಗಟ್ಟಿ ಪೆನ್ಸಿಲ್, ಅಂದರೆ ಎಚ್ ಅಥವಾ 2ಎಚ್ ಗುರುತಿನದು, ಎಚ್‌ಬಿ ಪೆನ್ಸಿಲಿಗಿಂತ ತೆಳುವಾದ ಗೆರೆಯನ್ನು ಕೊಡುತ್ತದೆ.

ಎರಡು ಕಂಸಗಳು ಒಂದನ್ನೊಂದು ಕತ್ತರಿಸುವ ರೀತಿಯೂ ಮುಖ್ಯ. ಅವು ಹೆಚ್ಚುಕಡಿಮೆ ಲಂಬವಾಗಿ ಕತ್ತರಿಸಿದರೆ ಛೇದಬಿಂದು ಸ್ಪಷ್ಟವಾಗಿರುತ್ತದೆ. ಬಹಳ ಕಿರಿದಾದ ಕೋನದಲ್ಲಿ ಕತ್ತರಿಸಿದರೆ ಎರಡು ಗೆರೆಗಳು ಸ್ವಲ್ಪ ದೂರ ಒಂದರ ಮೇಲೊಂದು ಸಾಗಿದಂತೆ ಕಂಡು, ಬಿಂದು ಎಲ್ಲಿದೆ ಎಂಬುದೇ ಊಹೆಯ ಮಾತಾಗುತ್ತದೆ. ಕೋನಾರ್ಧಕವನ್ನು ಎಳೆಯುವಾಗ ಛೇದಬಿಂದುವು ಶೃಂಗಕ್ಕೆ ತೀರ ಹತ್ತಿರವಾಗದಂತೆ ನೋಡಿಕೊಳ್ಳುವುದೂ ಅಗತ್ಯ, ಏಕೆಂದರೆ ಹತ್ತಿರದ ಎರಡು ಬಿಂದುಗಳಿಂದ ದಿಕ್ಕನ್ನು ನಿರ್ಧರಿಸಿ ದೂರದವರೆಗೆ ಗೆರೆ ಎಳೆದಾಗ ಸಣ್ಣ ತಪ್ಪು ದೊಡ್ಡದಾಗುತ್ತದೆ.

ಅರ್ಧಿಸಿದಾಗ ಹಿಂದಿನ ಕೋನದಲ್ಲಿದ್ದ ತಪ್ಪೂ ಅರ್ಧವಾಗುತ್ತದೆ. ಹೊಸ ಗೆರೆಯ ತಪ್ಪು ಮಾತ್ರ ಅದಕ್ಕೆ ಸೇರುತ್ತದೆ. ನಕಲು ಮಾಡಿ ಒಂದರ ಪಕ್ಕ ಒಂದನ್ನು ಜೋಡಿಸುತ್ತ ಹೋದರೆ ತಪ್ಪುಗಳು ಒಟ್ಟುಗೂಡುತ್ತವೆ. ಆದ್ದರಿಂದ ದೊಡ್ಡ ಕೋನದಿಂದ ಸಣ್ಣದಕ್ಕೆ ಇಳಿಯುವುದು, ಸಣ್ಣದರಿಂದ ದೊಡ್ಡದನ್ನು ಕಟ್ಟುವುದಕ್ಕಿಂತ ಸುರಕ್ಷಿತ. ಪರೀಕ್ಷೆಯ ಉತ್ತರಗಳಲ್ಲಿ ರಚನೆಯ ಕಂಸಗಳನ್ನು ಅಳಿಸಬಾರದೆನ್ನುವುದು ಬೇರೆ ಕಾರಣಕ್ಕೆ: ಕೋನವನ್ನು ಕೈವಾರದಿಂದ ಪಡೆದದ್ದೋ ಕೋನಮಾಪಕದಿಂದ ಗುರುತಿಸಿದ್ದೋ ಎಂಬುದಕ್ಕೆ ಆ ಕಂಸಗಳೇ ಸಾಕ್ಷಿ.

15°ಯ ಗುಣಕಗಳು

60° ಮತ್ತು 90° ಕೈಯಲ್ಲಿದ್ದರೆ ಅರ್ಧಿಸಿ, ಕೂಡಿಸಿ, ಕಳೆದು ಹಲವು ಕೋನಗಳನ್ನು ಪಡೆಯಬಹುದು. 60°ಯ ಅರ್ಧ 30°, ಅದರ ಅರ್ಧ 15°. 90°ಯ ಅರ್ಧ 45°, ಅದರ ಅರ್ಧ 22.5°. 60° ಮತ್ತು 90° ಬಾಹುಗಳ ನಡುವಿನ ಕೋನವನ್ನು ಅರ್ಧಿಸಿದರೆ 75°, 90° ಮತ್ತು 120° ಬಾಹುಗಳ ನಡುವೆ ಅರ್ಧಿಸಿದರೆ 105°, 90° ಮತ್ತು 180°ಗಳ ನಡುವೆ 135°, 120° ಮತ್ತು 180°ಗಳ ನಡುವೆ 150°. ಮೂಲೆಮಟ್ಟಗಳನ್ನು ಒಂದಕ್ಕೊಂದು ಒತ್ತಿಟ್ಟರೂ ಇದೇ ಕೋನಗಳು ಕೈವಾರವಿಲ್ಲದೆ ದೊರೆಯುತ್ತವೆ: 45°ಯ ಮೂಲೆಗೆ 30°ಯನ್ನು ಸೇರಿಸಿದರೆ 75°, 60°ಯನ್ನು ಸೇರಿಸಿದರೆ 105°, 45°ಯಿಂದ 30°ಯನ್ನು ಕಳೆದರೆ 15°. 180°ಗಿಂತ ಹೆಚ್ಚಿನ ಸರಳಾಧಿಕ ಕೋನ ಬೇಕಾದಾಗ 360°ಯಿಂದ ಅದನ್ನು ಕಳೆದು, ಉಳಿದ ಕೋನವನ್ನು ರಚಿಸಿ, ಹೊರಬದಿಯನ್ನು ಗುರುತಿಸುತ್ತಾರೆ.

ಮನೆಯಂಗಳದ ಸಂದು ಚುಕ್ಕಿಯ ರಂಗೋಲಿಯಲ್ಲಿಯೂ 60° ಅಡಗಿದೆ. ಮೇಲಿನ ಸಾಲಿನ ಎರಡು ಚುಕ್ಕಿಗಳ ನಡುವಿನ ಸಂದಿಗೆ ನೇರವಾಗಿ ಕೆಳಗಿನ ಸಾಲಿನ ಚುಕ್ಕಿಯನ್ನು ಇಡುವಾಗ, ಅದು ಆ ಎರಡು ಚುಕ್ಕಿಗಳಿಂದಲೂ ಚುಕ್ಕಿಗಳ ನಡುವಿನ ಅಂತರದಷ್ಟೇ ದೂರದಲ್ಲಿದ್ದರೆ ಮೂರೂ ಸೇರಿ ಸಮಬಾಹು ತ್ರಿಭುಜವಾಗುತ್ತದೆ. ಆರು ದಳದ ಹೂವು ಅಂಥ ಚುಕ್ಕಿಗಳ ನಡುವೆ ಸೊಟ್ಟಗಾಗದೆ ಕೂರುವುದು ಇದರಿಂದಲೇ.

36°, 72° ಮತ್ತು 3°

15°ಯ ಗುಣಕಗಳಾಚೆಗೆ ಹೋಗಲು ನಿಯತ ಪಂಚಭುಜದ ನೆರವು ಬೇಕು. ಮ ಕೇಂದ್ರದ ವೃತ್ತವೊಂದರಲ್ಲಿ ಪರಸ್ಪರ ಲಂಬವಾಗಿರುವ ಮಅ ಮತ್ತು ಮಬ ತ್ರಿಜ್ಯಗಳನ್ನು ಎಳೆಯಬೇಕು. ಮಅ ತ್ರಿಜ್ಯದ ಮಧ್ಯಬಿಂದು ಕ. ಕ ಕೇಂದ್ರದಿಂದ ಕಬ ತ್ರಿಜ್ಯದ ಕಂಸವನ್ನು ಎಳೆದರೆ ಅದು ಅಮ ರೇಖೆಯ ಮುಂದುವರಿಕೆಯನ್ನು, ಮ ಬಿಂದುವಿನ ಆಚೆಗೆ, ನ ಎಂಬಲ್ಲಿ ಕತ್ತರಿಸುತ್ತದೆ. ಈಗ ಬನ ಉದ್ದವು ಆ ವೃತ್ತದೊಳಗಿನ ನಿಯತ ಪಂಚಭುಜದ ಬಾಹು; ಮನ ಉದ್ದವು ನಿಯತ ದಶಭುಜದ ಬಾಹು. ವೃತ್ತದ ಪರಿಧಿಯ ಮೇಲೆ ಬನ ಉದ್ದದ ಜ್ಯಾವನ್ನು ಗುರುತಿಸಿ ಅದರ ತುದಿಗಳನ್ನು ಕೇಂದ್ರಕ್ಕೆ ಸೇರಿಸಿದರೆ 72°, ಮನ ಉದ್ದದ ಜ್ಯಾಕ್ಕೆ 36° ಸಿಗುತ್ತದೆ. ತ್ರಿಜ್ಯವು 10 ಸೆಂ.ಮೀ. ಆಗಿದ್ದರೆ ಮನ ಸುಮಾರು 6.18 ಸೆಂ.ಮೀ. ಬರಬೇಕು, ಪಟ್ಟಿಯಿಂದ ಅಳೆದು ಚಿತ್ರವನ್ನು ಪರಿಶೀಲಿಸಿಕೊಳ್ಳಬಹುದು.

72°ಯಿಂದ 60°ಯನ್ನು ಕಳೆದರೆ 12°, ಅದನ್ನು ಎರಡು ಬಾರಿ ಅರ್ಧಿಸಿದರೆ 3°. ಹೀಗೆ 3°ಯ ಎಲ್ಲ ಗುಣಕಗಳನ್ನೂ ಕೈವಾರ ಮತ್ತು ನೇರಪಟ್ಟಿಯಿಂದ ರಚಿಸಲು ಸಾಧ್ಯ. ಪೂರ್ಣಾಂಕ ಡಿಗ್ರಿಗಳಲ್ಲಿ ಇವುಗಳನ್ನು ಬಿಟ್ಟು ಬೇರೆ ಯಾವುದೂ ಸಾಧ್ಯವಿಲ್ಲ.

ರಚಿಸಲಾಗದ ಕೋನಗಳು

ಯಾವುದೇ ಕೋನವನ್ನು ಎರಡು ಸಮಭಾಗ ಮಾಡಲು ಬರುವಾಗ ಮೂರು ಸಮಭಾಗ ಏಕೆ ಮಾಡಲಾಗದು ಎಂಬ ಪ್ರಶ್ನೆ ಪ್ರಾಚೀನ ಗ್ರೀಕರನ್ನು ಕಾಡಿತ್ತು. ಸಹಜವಾಗಿ ಹೊಳೆಯುವ ಉಪಾಯವೆಂದರೆ ಬಾಹುಗಳ ಮೇಲೆ ಶೃಂಗದಿಂದ ಸಮದೂರದ ಬಿಂದುಗಳನ್ನು ಸೇರಿಸುವ ಜ್ಯಾವನ್ನು ಮೂರು ಸಮಭಾಗ ಮಾಡಿ, ಆ ಬಿಂದುಗಳನ್ನು ಶೃಂಗಕ್ಕೆ ಸೇರಿಸುವುದು. ಇದು ತಪ್ಪು. 60° ಕೋನದಲ್ಲಿ ಹೀಗೆ ಮಾಡಿದರೆ ನಡುವಿನ ಭಾಗ ಸುಮಾರು 21.8°, ಪಕ್ಕದವು ತಲಾ 19.1° ಆಗುತ್ತವೆ, ಸಣ್ಣ ಚಿತ್ರದಲ್ಲಿ ಈ ವ್ಯತ್ಯಾಸ ಸುಲಭವಾಗಿ ಕಣ್ತಪ್ಪುತ್ತದೆ. 120° ಕೋನದಲ್ಲಿ ಅದೇ ಉಪಾಯವನ್ನು ಮಾಡಿ ನೋಡಿದರೆ ಭಾಗಗಳು 30°, 60°, 30° ಎಂದು ಬಂದು ತಪ್ಪು ಬಯಲಾಗುತ್ತದೆ. ಜ್ಯಾದ ಸಮಭಾಗಗಳು ಕೋನದ ಸಮಭಾಗಗಳಲ್ಲ.

ಫ್ರಾನ್ಸಿನ ಗಣಿತಜ್ಞ ಪಿಯೇರ್ ವಾಂಟ್ಸೆಲ್ 1837ರಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟನು. ರೇಖೆಗಳೂ ವೃತ್ತಗಳೂ ಒಂದನ್ನೊಂದು ಕತ್ತರಿಸುವ ಬಿಂದುಗಳನ್ನು ಬೀಜಗಣಿತದಲ್ಲಿ ಬರೆದಾಗ ಏಕಘಾತ ಅಥವಾ ವರ್ಗ ಸಮೀಕರಣಗಳು ಮಾತ್ರ ಬರುತ್ತವೆ. ಆದ್ದರಿಂದ ಏಕಮಾನ ಉದ್ದದಿಂದ ಆರಂಭಿಸಿ ಕೈವಾರ ಮತ್ತು ಪಟ್ಟಿಯಿಂದ ತಲುಪಬಹುದಾದ ಉದ್ದಗಳೆಂದರೆ ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ ಮತ್ತು ವರ್ಗಮೂಲಗಳಿಂದ ದೊರೆಯುವವು ಮಾತ್ರ. 60°ಯನ್ನು ಮೂರು ಭಾಗ ಮಾಡಲು 20°ಯ ಕೊಸೈನ್ ಬೇಕು. ಅದರ ಎರಡರಷ್ಟನ್ನು ಯ ಎಂದು ಕರೆದರೆ, ಯ³ − 3ಯ − 1 = 0 ಎಂಬ ಘನ ಸಮೀಕರಣ ಬರುತ್ತದೆ. ಇದಕ್ಕೆ ಭಾಗಲಬ್ಧ ಮೂಲಗಳಿಲ್ಲ, ಆದ್ದರಿಂದ ವರ್ಗಮೂಲಗಳಿಂದ ಇದನ್ನು ಬಿಡಿಸಲಾಗದು, 20° ರಚಿಸಲಾಗದು. 1° ಅಥವಾ 2° ರಚಿಸಲು ಬಂದಿದ್ದರೆ ಅವನ್ನು ಪುನರಾವರ್ತಿಸಿ 20° ಪಡೆಯಬಹುದಿತ್ತು. ಆದ್ದರಿಂದ ಅವೂ ಅಸಾಧ್ಯ. 10°, 40°, 50°, 70°, 80° ಕೂಡ ಇದೇ ಸಾಲಿಗೆ ಸೇರುತ್ತವೆ. ಕೆಲವು ಕೋನಗಳನ್ನು ಮೂರು ಭಾಗ ಮಾಡಬಹುದು ಎಂಬುದನ್ನು ಇಲ್ಲಿ ಮರೆಯಬಾರದು: 90°ಯ ಮೂರನೆಯ ಒಂದು ಭಾಗ 30°, 45°ಯ ಮೂರನೆಯ ಒಂದು ಭಾಗ 15°. ಅಸಾಧ್ಯವೆಂದು ಸಾಧಿತವಾದದ್ದು ಎಲ್ಲ ಕೋನಗಳಿಗೂ ಅನ್ವಯಿಸುವ ಒಂದೇ ವಿಧಾನ. ಇದು ಯಾರೂ ಇನ್ನೂ ಕಂಡುಹಿಡಿಯದ ವಿಷಯವಲ್ಲ. ಇರಲಾರದೆಂದು ತೋರಿಸಲಾದ ವಿಷಯ.

ಇದಕ್ಕೆ ಮೊದಲೇ, 1796ರಲ್ಲಿ, ಇನ್ನೂ 19 ತುಂಬದ ಕಾರ್ಲ್ ಫ್ರೆಡ್ರಿಕ್ ಗೌಸ್ 17 ಬಾಹುಗಳ ನಿಯತ ಬಹುಭುಜವನ್ನು ಕೈವಾರ ಮತ್ತು ಪಟ್ಟಿಯಿಂದ ರಚಿಸಬಹುದೆಂದು ತೋರಿಸಿದ್ದನು. ಅಂದರೆ 360°ಯ 17ನೆಯ ಒಂದು ಭಾಗ, ಸುಮಾರು 21.18°, ರಚಿಸಬಹುದಾದ ಕೋನ. ಅದರ ನೆರೆಯ 20° ಅಲ್ಲ. ಏಳು ಬಾಹುಗಳ ನಿಯತ ಬಹುಭುಜವೂ ಅಸಾಧ್ಯ.

ನಿಯಮ ಸಡಿಲಿಸಿದಾಗ

ಪಟ್ಟಿಯ ಮೇಲೆ ಎರಡು ಗುರುತುಗಳನ್ನು ಮಾಡಲು ಒಪ್ಪಿದರೆ ಯಾವ ಕೋನವನ್ನಾದರೂ ಮೂರು ಭಾಗ ಮಾಡಬಹುದು. ಆರ್ಕಿಮಿಡೀಸನದೆಂದು ಹೇಳಲಾಗುವ ಈ ವಿಧಾನ ಅರಬ್ಬಿ ಭಾಷೆಯ ಮೂಲಕ ಉಳಿದುಬಂದಿದೆ. ಅಮಬ ಎಂಬ ಲಘುಕೋನದ ಶೃಂಗ ಮ ಕೇಂದ್ರವಾಗಿರುವಂತೆ ವೃತ್ತ ಎಳೆದು, ಅ ಮತ್ತು ಬ ಬಿಂದುಗಳು ಅದರ ಪರಿಧಿಯ ಮೇಲಿರುವಂತೆ ಮಾಡಿ, ಬಮ ರೇಖೆಯನ್ನು ಹಿಂದಕ್ಕೆ ಬೆಳೆಸಬೇಕು. ಪಟ್ಟಿಯ ಮೇಲೆ ತ್ರಿಜ್ಯದಷ್ಟು ಅಂತರದಲ್ಲಿ ಎರಡು ಗುರುತು ಮಾಡಿ, ಪಟ್ಟಿಯು ಅ ಮೂಲಕ ಹಾಯುತ್ತಿರುವಾಗಲೇ ಒಂದು ಗುರುತು ಬೆಳೆಸಿದ ರೇಖೆಯ ಮೇಲೂ (ಕ), ಇನ್ನೊಂದು ವೃತ್ತದ ಮೇಲೂ (ಚ) ಬರುವವರೆಗೆ ಸರಿಸಬೇಕು. ಆಗ ಕ ಬಿಂದುವಿನಲ್ಲಿರುವ ಕೋನ ಮೂಲ ಕೋನದ ಮೂರನೆಯ ಒಂದು ಭಾಗ. ಕಚ, ಚಮ ಸಮವಾದ್ದರಿಂದ ಮ ಬಳಿಯ ಕಮಚ ಕೋನವೂ ಕ ಕೋನದಷ್ಟೇ. ಅವೆರಡರ ಮೊತ್ತವಾದ ಬಾಹ್ಯಕೋನ ಮಚಅ ಅದರ ಇಮ್ಮಡಿ. ಮಚ, ಮಅ ಸಮವಾದ್ದರಿಂದ ಅ ಬಳಿಯ ಕೋನವೂ ಇಮ್ಮಡಿ. ಕಮಅ ತ್ರಿಭುಜದ ಬಾಹ್ಯಕೋನವಾದ ಅಮಬ ಈ ಒಂದು ಪಾಲು ಮತ್ತು ಎರಡು ಪಾಲುಗಳ ಮೊತ್ತ.

ಕಾಗದವನ್ನು ಮಡಿಸುವುದೂ ಒಂದು ರಚನಾ ವಿಧಾನ. ಮಡಿಕೆಯ ಗೆರೆಯನ್ನು ಅದರ ಮೇಲೆಯೇ ಮತ್ತೆ ಮಡಿಸಿದರೆ ಲಂಬಕೋನ ಸಿಗುತ್ತದೆ. ಚೌಕದ ಹಾಳೆಯನ್ನು ಉದ್ದಕ್ಕೆ ಎರಡಾಗಿ ಮಡಿಸಿ ಬಿಡಿಸಿ, ಕೆಳಗಿನ ಎಡಮೂಲೆಯನ್ನು ಅಲುಗದಂತೆ ಹಿಡಿದು ಕೆಳಗಿನ ಬಲಮೂಲೆಯನ್ನು ನಡುಮಡಿಕೆಯ ಮೇಲೆ ಬರುವಂತೆ ಮಡಿಸಿದರೆ, ಎಡಮೂಲೆಯ ಲಂಬಕೋನ 30°ಯ ಮೂರು ಭಾಗಗಳಾಗುತ್ತದೆ. ಟಿ. ಸುಂದರ ರಾವ್ ಅವರು ಕಾಗದದ ಮಡಿಕೆಯಿಂದ ರೇಖಾಗಣಿತವನ್ನು ಕಲಿಸುವ ಇಂಗ್ಲಿಷ್ ಗ್ರಂಥವೊಂದನ್ನು 1893ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಎರಡು ಬಿಂದುಗಳು ಏಕಕಾಲಕ್ಕೆ ಎರಡು ರೇಖೆಗಳ ಮೇಲೆ ಬೀಳುವಂತೆ ಮಡಿಸಿದರೆ ಘನ ಸಮೀಕರಣವನ್ನೂ ಬಿಡಿಸಬಹುದೆಂದು ಇಟಲಿಯ ಮಾರ್ಗರಿಟಾ ಬೆಲೋಕ್ 1936ರಲ್ಲಿ ತೋರಿಸಿದರು. ಆದ್ದರಿಂದ ಕೈವಾರಕ್ಕೆ ನಿಲುಕದ ಕೋನತ್ರಿಭಾಗ ಒಂದು ಹಾಳೆ ಕಾಗದಕ್ಕೆ ನಿಲುಕುತ್ತದೆ.

ಯಾವುದೇ ಅಳತೆಯ ಕೋನ

ದಿನಬಳಕೆಯಲ್ಲಿ 20° ಅಥವಾ 37° ಬೇಕಾದಾಗ ಕೋನಮಾಪಕವೇ ಸಾಕು. ಅದರ ಕೇಂದ್ರದ ಗುರುತನ್ನು ಶೃಂಗದ ಮೇಲೂ, ಶೂನ್ಯರೇಖೆಯನ್ನು ಒಂದು ಬಾಹುವಿನ ಮೇಲೂ ಕೂರಿಸಬೇಕು. ಹಲವು ಕೋನಮಾಪಕಗಳಲ್ಲಿ ಶೂನ್ಯರೇಖೆಯು ಪ್ಲಾಸ್ಟಿಕ್ಕಿನ ಕೆಳ ಅಂಚಿನಲ್ಲಿರದೆ ಕೆಲವು ಮಿ.ಮೀ. ಮೇಲಿರುತ್ತದೆ, ಅಂಚನ್ನೇ ರೇಖೆಗೆ ಹೊಂದಿಸಿದರೆ ಎಲ್ಲ ಅಳತೆಗಳೂ ಕೆಡುತ್ತವೆ. ಎಡದಿಂದಲೂ ಬಲದಿಂದಲೂ ಆರಂಭವಾಗುವ ಎರಡು ಮಾನಗಳಿರುವುದರಿಂದ 60° ಎಳೆಯಲು ಹೋಗಿ 120° ಎಳೆಯುವುದುಂಟು. ಬಾಹುವಿನ ಮೇಲೆ ಯಾವ ಮಾನದ ಸೊನ್ನೆ ಇದೆಯೋ ಅದೇ ಮಾನವನ್ನು ಎಣಿಸುತ್ತ ಹೋಗಬೇಕು. ಕೋನವು ಲಘುವೋ ವಿಶಾಲವೋ ಎಂದು ಮೊದಲೇ ಯೋಚಿಸಿಕೊಂಡರೆ ಈ ತಪ್ಪು ಆಗದು.

ಕೋನಮಾಪಕಕ್ಕಿಂತ ಹೆಚ್ಚು ನಿಖರತೆ ಬೇಕಿದ್ದರೆ ಕೋನವನ್ನು ಉದ್ದವಾಗಿ ಬದಲಿಸಿಕೊಳ್ಳುವುದು ಉತ್ತಮ. 100 ಮಿ.ಮೀ. ಪಾದದ ತುದಿಯಲ್ಲಿ ಲಂಬವನ್ನು ಎಳೆದು, ಅದರ ಮೇಲೆ ಕೋನದ ಟ್ಯಾನ್ ಬೆಲೆಯ ನೂರರಷ್ಟು ಮಿ.ಮೀ. ಗುರುತಿಸಿ ಪಾದದ ಇನ್ನೊಂದು ತುದಿಗೆ ಸೇರಿಸಬೇಕು. 10°ಗೆ 17.6, 20°ಗೆ 36.4, 25°ಗೆ 46.6, 35°ಗೆ 70.0, 40°ಗೆ 83.9 ಮಿ.ಮೀ. ಎತ್ತರ ಬರುತ್ತದೆ. ಲಂಬವನ್ನು ಎಳೆಯದೆ ಕೈವಾರವನ್ನೇ ಬಳಸುವುದಾದರೆ 100 ಮಿ.ಮೀ. ತ್ರಿಜ್ಯದ ಕಂಸದ ಮೇಲೆ ಜ್ಯಾವನ್ನು ಗುರುತಿಸಬಹುದು: 20°ಗೆ 34.7, 40°ಗೆ 68.4, 50°ಗೆ 84.5, 70°ಗೆ 114.7 ಮಿ.ಮೀ. ಕೋಷ್ಟಕವೂ ಇಲ್ಲದಿದ್ದಾಗ 57.3 ಮಿ.ಮೀ. ತ್ರಿಜ್ಯವು ನೆರವಾಗುತ್ತದೆ. ಆ ತ್ರಿಜ್ಯದ ವೃತ್ತದಲ್ಲಿ ಒಂದು ಡಿಗ್ರಿಯ ಕಂಸ ಒಂದು ಮಿ.ಮೀ. ಉದ್ದವಿರುವುದರಿಂದ, ಸಣ್ಣ ಕೋನಗಳಿಗೆ ಎಷ್ಟು ಡಿಗ್ರಿಯೋ ಅಷ್ಟು ಮಿ.ಮೀ. ಜ್ಯಾ ಎಂದು ತೆಗೆದುಕೊಳ್ಳಬಹುದು. 20°ಗೆ ಹೀಗೆ 20 ಮಿ.ಮೀ. ತೆಗೆದುಕೊಂಡರೆ ಬರುವ ಕೋನ ಸುಮಾರು 20.1°. ಕೋನ ದೊಡ್ಡದಾದಂತೆ ಈ ಅಂದಾಜು ಕೆಡುತ್ತದೆ. 60°ಗೆ ಇದನ್ನು ಬಳಸಬಾರದು.

ನೆಲದ ಮೇಲೆ ಕೋನ

ನೆಲದ ಮೇಲೆ ಕೈವಾರದ ಕೆಲಸವನ್ನು ಹಗ್ಗ ಮತ್ತು ಗೂಟ ಮಾಡುತ್ತವೆ. ವೈದಿಕ ಯಜ್ಞವೇದಿಗಳ ಅಳತೆಗಳನ್ನು ವಿವರಿಸುವ ಶುಲ್ಬಸೂತ್ರಗಳಲ್ಲಿ ‘ಶುಲ್ಬ’ ಎಂದರೆ ಹಗ್ಗವೆಂದೇ ಅರ್ಥ. ಕಾತ್ಯಾಯನ ಶುಲ್ಬಸೂತ್ರದಲ್ಲಿ ಸಮನೆಲದ ಮೇಲೆ ಶಂಕುವನ್ನು ನೆಟ್ಟು, ಅದರ ಸುತ್ತ ಹಗ್ಗದಿಂದ ವೃತ್ತವನ್ನು ಎಳೆದು, ಬೆಳಗ್ಗೆ ಮತ್ತು ಮಧ್ಯಾಹ್ನದ ಬಳಿಕ ನೆರಳಿನ ತುದಿ ವೃತ್ತವನ್ನು ಮುಟ್ಟುವ ಎರಡು ಬಿಂದುಗಳನ್ನು ಸೇರಿಸಿ ಪೂರ್ವ-ಪಶ್ಚಿಮ ರೇಖೆಯನ್ನು ಪಡೆಯುವ ಕ್ರಮವಿದೆ. ಬಳಿಕ ಹಗ್ಗದ ಎರಡು ತುದಿಗಳನ್ನು ಆ ಬಿಂದುಗಳ ಗೂಟಗಳಿಗೆ ಸಿಕ್ಕಿಸಿ, ನಡುವನ್ನು ಹಿಡಿದು ದಕ್ಷಿಣಕ್ಕೂ ಉತ್ತರಕ್ಕೂ ಎಳೆದು ಗುರುತಿಸಿದರೆ ಲಂಬ ಸಿದ್ಧವಾಗುತ್ತದೆ. ಇದು ಕಾಗದದ ಮೇಲಿನ ಲಂಬಾರ್ಧಕ ರಚನೆಯೇ. ಬೌಧಾಯನ ಶುಲ್ಬಸೂತ್ರವು ಆಯತದ ಕರ್ಣದ ನಿಯಮವನ್ನು ಹೇಳಿ, 3 ಮತ್ತು 4, 12 ಮತ್ತು 5, 15 ಮತ್ತು 8, 7 ಮತ್ತು 24, 12 ಮತ್ತು 35, 15 ಮತ್ತು 36 ಎಂಬ ಬಾಹುಗಳ ಜೋಡಿಗಳನ್ನು ಉದಾಹರಿಸುತ್ತದೆ.

ಇವುಗಳಲ್ಲಿ ಮೊದಲನೆಯದು ಇಂದಿಗೂ ಮನೆಯ ಪಾಯ ಗುರುತಿಸುವ ಮೇಸ್ತ್ರಿಗಳ ಬಳಕೆಯಲ್ಲಿದೆ. ಮೂಲೆಯ ಗೂಟದಿಂದ ಒಂದು ದಾರದ ಉದ್ದಕ್ಕೆ 3 ಅಡಿ, ಇನ್ನೊಂದರ ಉದ್ದಕ್ಕೆ 4 ಅಡಿ ಗುರುತಿಸಿ, ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬರುವವರೆಗೆ ಒಂದು ದಾರವನ್ನು ಸರಿಸುತ್ತಾರೆ. ಐದಕ್ಕಿಂತ ಕಡಿಮೆ ಬಂದರೆ ಮೂಲೆ ಲಘುಕೋನ, ಹೆಚ್ಚಾದರೆ ವಿಶಾಲಕೋನ. ದೊಡ್ಡ ನಿವೇಶನದಲ್ಲಿ 6, 8, 10 ಅಥವಾ 12, 16, 20 ಅಡಿಗಳನ್ನು ಹಿಡಿಯುವುದು ಲೇಸು. ಟೇಪಿನ ಓದಿನಲ್ಲಿ ಕಾಲು ಅಂಗುಲ ತಪ್ಪಿದರೆ 5 ಅಡಿಯ ವಿಕರ್ಣದಲ್ಲಿ ಮೂಲೆ ಅರ್ಧ ಡಿಗ್ರಿಯಷ್ಟು ಓರೆಯಾಗುತ್ತದೆ. 20 ಅಡಿಯಲ್ಲಿ ಅದೇ ತಪ್ಪಿನ ಪರಿಣಾಮ ಅದರ ಕಾಲು ಭಾಗ ಮಾತ್ರ. ನಾಲ್ಕೂ ಮೂಲೆಗಳನ್ನು ಗುರುತಿಸಿದ ಬಳಿಕ ಎದುರು ಗೋಡೆಗಳ ಉದ್ದ ಸಮವಾಗಿದೆಯೇ ಎಂದು ನೋಡಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯುತ್ತಾರೆ. ಎದುರು ಬದಿಗಳು ಸಮವಾಗಿದ್ದು ಕರ್ಣಗಳು ಮಾತ್ರ ಬೇರೆಯಾಗಿದ್ದರೆ ಆಕೃತಿ ಆಯತವಲ್ಲ, ಓರೆಯಾದ ಸಮಾಂತರ ಚತುರ್ಭುಜ. ಉದ್ದದ ಕರ್ಣ ಗಿಡ್ಡವಾಗುವ ದಿಕ್ಕಿಗೆ ಗೂಟಗಳನ್ನು ಸರಿಸಿ, ಬದಿಗಳ ಉದ್ದ ಕೆಡದಂತೆ ನೋಡಿಕೊಂಡು, ಪಾಯ ಅಗೆಯುವ ಮೊದಲು ಮತ್ತೆ ಅಳೆಯಬೇಕಾಗುತ್ತದೆ.